ಸನದಿನ ಸಂಸ್ಥಾನ: ಯುದ್ಧ–ಬಂಡಾಯಗಳ ನಡುವೆ ಕಿತ್ತೂರಿನ ಸ್ಥಾನಪಲ್ಲಟ

ಧಾರವಾಡದಿಂದ ಬೆಳಗಾವಿಯ ಕಡೆಗೆ ಹೊರಡುವ ಹೆದ್ದಾರಿಯ ಬದಿಗೆ ಹಬ್ಬಿರುವ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಬಸ್ಸುಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಯೂ, ಜನ ಚಿಕ್ಕದಾಗಿ ವಾಲ್ಮಿ ಎಂದು ಕರೆಯುವ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯ ಆವರಣವೂ, ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠದ ಕಟ್ಟಡವೂ ಸಮೀಪ ಸಮೀಪದಲ್ಲೇ ಇವೆ. ಊರವರ ಬಾಯಲ್ಲಿ ಪಿ.ಬಿ. ರೋಡ್ ಆಗಿರುವ ಈ ಪುಣೆ–ಬೆಂಗಳೂರು ರಸ್ತೆ ಇಲ್ಲಿಂದ ಮುಂದೆ ತೇಗೂರನ್ನು ದಾಟಿ ಕಿತ್ತೂರನ್ನು ಮುಟ್ಟುತ್ತದೆ. ಧಾರವಾಡಕ್ಕೂ ಕಿತ್ತೂರಿಗೂ ಇರುವ ದೂರ ಸುಮಾರು 30 ಕಿಲೋಮೀಟರ್ ಮಾತ್ರ. 1818ರಿಂದ 1824ರವರೆಗೆ ಈ ದಾರಿಯ ಒಂದು ತುದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರಧಾನ ಕಲೆಕ್ಟರನ ಕಚೇರಿ ಇತ್ತು. ಇನ್ನೊಂದು ತುದಿಯಲ್ಲಿ ತನ್ನದೇ ಕೋಟೆ, ಖಜಾನೆ, ದರಬಾರು, ದಂಡು ಇದ್ದ ಒಂದು ಸಂಸ್ಥಾನ ಇತ್ತು. ಆ ಸಂಸ್ಥಾನ ಕಂಪನಿಯ ಶತ್ರುವಾಗಿರಲಿಲ್ಲ, ಮಿತ್ರನ ಸ್ಥಾನದಲ್ಲಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಮಾತ್ರ ಮುಂದೆ ನಡೆದದ್ದರ ಅರ್ಥ ಆಗುತ್ತದೆ. ಕಿತ್ತೂರಿನ ಕಥೆಯನ್ನು 1824ರ ಅಕ್ಟೋಬರಿನ ಕಾಳಗದಿಂದ ಆರಂಭಿಸಿ ಡಿಸೆಂಬರಿನ ಸೋಲಿನಲ್ಲಿ ಮುಗಿಸುವುದು ರೂಢಿ. ಆದರೆ ಆ ಸಂಸ್ಥಾನ ತನ್ನ ಪ್ರಾಂತದಲ್ಲಿ ಉಳಿಸಿಕೊಂಡಿದ್ದ ಸ್ಥಾನವನ್ನು ಕಳೆದುಕೊಂಡದ್ದು ಅದಕ್ಕೂ ಆರು ವರ್ಷ ಮೊದಲು, ತಾನೂ ಗೆದ್ದ ಪಕ್ಷದಲ್ಲಿದ್ದ ಒಂದು ಯುದ್ಧದ ಕೊನೆಯಲ್ಲಿ.

ಕಿತ್ತೂರಿನ ಮನೆತನದ ಮೂಲಪುರುಷರು ಹಿರೇಮಲ್ಲಶೆಟ್ಟಿ ಮತ್ತು ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರು. ಮಲೆನಾಡಿನ ಸಾಗರದ ಕಡೆಯವರಾದ ಇವರು ವಿಜಾಪುರದ ಆದಿಲಶಾಹಿ ಸೈನ್ಯದೊಂದಿಗೆ ಬಂದು, ಮಾಡಿದ ಸೇವೆಗೆ ಪ್ರತಿಫಲವಾಗಿ 1585ರ ಸುಮಾರಿಗೆ ಹುಬ್ಬಳ್ಳಿ ಪರಗಣದ ಸರದೇಶಮುಖಿ ಹಕ್ಕನ್ನು ಪಡೆದು ಸಂಪಗಾಂವದಲ್ಲಿ ನೆಲೆಸಿದರೆಂಬುದು ಪರಂಪರೆ. ಪರಗಣವೆಂದರೆ ಕಂದಾಯದ ಲೆಕ್ಕಕ್ಕಾಗಿ ಒಟ್ಟುಗೂಡಿಸಿದ ಹಳ್ಳಿಗಳ ಗುಂಪು. ದೇಸಾಯಿ ಅಥವಾ ದೇಶಮುಖನೆಂದರೆ ಆ ಗುಂಪಿನ ಕಂದಾಯವನ್ನು ವಸೂಲು ಮಾಡಿ ಮೇಲಿನ ಸರ್ಕಾರಕ್ಕೆ ಮುಟ್ಟಿಸುವ, ಅದಕ್ಕೆ ಬದಲಾಗಿ ವಂಶಪಾರಂಪರ್ಯವಾಗಿ ಒಂದು ಪಾಲನ್ನೂ ಕೆಲವು ಹಳ್ಳಿಗಳನ್ನೂ ಅನುಭವಿಸುವ ಅಧಿಕಾರಿ. ಹಲವು ದೇಸಾಯಿಗಳ ಮೇಲಿನವನು ಸರದೇಸಾಯಿ. ಕಾಗದದ ಮೇಲೆ ಇದು ನೌಕರಿ. ಆದರೆ ವಿಜಾಪುರ ದೂರವಿದ್ದು, ಮಲಪ್ರಭೆಯ ಬಯಲಿನಿಂದ ಸಹ್ಯಾದ್ರಿಯ ಕಾಡಿನವರೆಗಿನ ಸೀಮೆಯಲ್ಲಿ ಕಳ್ಳಕಾಕರನ್ನು ಹತ್ತಿಕ್ಕುವ, ಕೆರೆಕಟ್ಟೆಗಳನ್ನು ನೋಡಿಕೊಳ್ಳುವ, ನ್ಯಾಯ ಹೇಳುವ ಕೆಲಸವೆಲ್ಲ ಈ ಮನೆತನದ ಕೈಯಲ್ಲೇ ಉಳಿದುದರಿಂದ ನೌಕರಿ ಕ್ರಮೇಣ ದೊರೆತನವಾಯಿತು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ತನ್ನ ನೆಲೆಯನ್ನು ಸಂಪಗಾಂವದಿಂದ ಕಿತ್ತೂರಿಗೆ ಬದಲಿಸಿದ ಮೇಲೆ ಕೋಟೆಯೂ ಪೇಟೆಯೂ ಬೆಳೆದು, ದೇಸಾಯಿಯ ವಾಡೆ ಜನರ ಮಾತಿನಲ್ಲಿ ಅರಮನೆಯಾಯಿತು.

1686ರಲ್ಲಿ ವಿಜಾಪುರ ಔರಂಗಜೇಬನ ಕೈವಶವಾದಾಗ ಕಿತ್ತೂರಿಗೆ ಮೇಲಿನ ಒಡೆಯ ಬದಲಾದನೇ ಹೊರತು ಒಳಗಿನ ವ್ಯವಸ್ಥೆ ಬದಲಾಗಲಿಲ್ಲ. ಸವಣೂರಿನ ನವಾಬರು, ಅವರ ತರುವಾಯ 18ನೆಯ ಶತಮಾನದ ನಡುಭಾಗದಲ್ಲಿ ಪುಣೆಯ ಪೇಶ್ವೆಗಳು, ಆಮೇಲೆ ಶ್ರೀರಂಗಪಟ್ಟಣದ ಹೈದರ್ ಅಲಿ – ಹೀಗೆ ಒಬ್ಬರಾದ ಮೇಲೊಬ್ಬರು ಈ ಸೀಮೆಯ ಮೇಲೆ ಹಕ್ಕು ಹೇಳಿದರು. ಪ್ರತಿಸಲವೂ ಕಿತ್ತೂರು ಹೊಸಬರಿಗೆ ಪೇಷ್ಕಷ್ ಎಂಬ ವಾರ್ಷಿಕ ಕಾಣಿಕೆಯನ್ನು ಒಪ್ಪಿಕೊಂಡು ಒಳಾಡಳಿತವನ್ನು ತನ್ನಲ್ಲೇ ಇಟ್ಟುಕೊಂಡಿತು. ಇದನ್ನು ಹೇಡಿತನವೆಂದೋ ಅವಕಾಶವಾದವೆಂದೋ ತಳ್ಳಿಹಾಕುವ ಬರಹಗಳುಂಟು. ಎರಡು ದೊಡ್ಡ ಶಕ್ತಿಗಳ ನಡುವಿನ ಗಡಿಯಲ್ಲಿ ಕುಳಿತ ಸಣ್ಣ ರಾಜ್ಯಕ್ಕೆ ಬೇರೆ ರಾಜನೀತಿ ಇರಲಿಲ್ಲ. ಒಬ್ಬನಿಗೆ ಕಪ್ಪ ಕೊಟ್ಟು ಇನ್ನೊಬ್ಬನ ಭಯ ತೋರಿಸಿ ಅದನ್ನು ಕಡಿಮೆ ಮಾಡಿಸಿಕೊಳ್ಳುವುದು ಆ ಕಾಲದ ಎಲ್ಲ ಪಾಳೆಯಪಟ್ಟುಗಳಿಗೂ ಗೊತ್ತಿದ್ದ ವಿದ್ಯೆ. ಆ ವಿದ್ಯೆ ಫಲಿಸಬೇಕಾದರೆ ದೊಡ್ಡ ಶಕ್ತಿಗಳು ಒಂದಕ್ಕಿಂತ ಹೆಚ್ಚು ಇರಬೇಕಾಗಿತ್ತು.

ಈ ವಿದ್ಯೆಯ ಲಾಭವನ್ನೂ ನೋವನ್ನೂ ಪೂರ್ತಿಯಾಗಿ ಉಂಡವನು 1782ರಲ್ಲಿ ಪಟ್ಟಕ್ಕೆ ಬಂದ ಮಲ್ಲಸರ್ಜ. ಅವನ ಆಳ್ವಿಕೆಯ ಮೂರನೆಯ ವರ್ಷವೇ, 1785ರಲ್ಲಿ, ಟಿಪ್ಪು ಸುಲ್ತಾನನ ಸೇನಾನಿ ಬುರ್ಹಾನುದ್ದೀನ್ ನರಗುಂದವನ್ನು ಹಿಡಿದು ಬಳಿಕ ಕಿತ್ತೂರನ್ನೂ ವಶಪಡಿಸಿಕೊಂಡನು. ಸೆರೆಯಾಗಿ ಮೈಸೂರು ಸೀಮೆಗೆ ಒಯ್ಯಲ್ಪಟ್ಟ ಮಲ್ಲಸರ್ಜ ಕೋಟೆಯಿಂದ ತಪ್ಪಿಸಿಕೊಂಡು ಬಂದನೆಂದು ಕಿತ್ತೂರಿನ ಪರಂಪರೆ ಹೇಳುತ್ತದೆ. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಟಿಪ್ಪು ಬಾದಾಮಿ, ನರಗುಂದಗಳ ಜೊತೆಗೆ ಕಿತ್ತೂರನ್ನೂ ಮರಾಠರಿಗೆ ಬಿಟ್ಟುಕೊಡಲು ಒಪ್ಪಿದರೂ ಆ ಮಾತು ನೆಲದ ಮೇಲೆ ನಿಂತದ್ದು ಮೂರನೆಯ ಮೈಸೂರು ಯುದ್ಧದ ನಂತರವೇ. ಆ ಯುದ್ಧದಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠಾ ದಂಡು, ಕ್ಯಾಪ್ಟನ್ ಲಿಟಲ್‌ನ ಕೈಕೆಳಗಿನ ಮುಂಬಯಿ ಪಡೆಯ ನೆರವಿನೊಂದಿಗೆ, ಬದ್ರುಜ್ಜಮಾನ್ ಖಾನ್ ಕಾಯುತ್ತಿದ್ದ ಧಾರವಾಡದ ಕೋಟೆಗೆ 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಮುತ್ತಿಗೆ ಹಾಕಿ ಕುಳಿತಿತ್ತು. ಆರು ತಿಂಗಳಿಗೂ ಮಿಕ್ಕಿದ ಈ ಮುತ್ತಿಗೆಯಲ್ಲಿ ಸುತ್ತಲಿನ ಹಳ್ಳಿಗಳ ಕಾಳು, ಮೇವು, ಎತ್ತುಗಳನ್ನೆಲ್ಲ ಎರಡೂ ಪಕ್ಷಗಳು ಬಳಸಿಕೊಂಡವೆಂದು ಬೇರೆ ಹೇಳಬೇಕಾಗಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಧಾರವಾಡ ಸೀಮೆ ಪುನಃ ಪುಣೆಯ ಪಾಲಾಯಿತು, ಕಿತ್ತೂರು ಪುನಃ ಪುಣೆಯ ಸಾಮಂತನಾಯಿತು.

1799ರಲ್ಲಿ ಟಿಪ್ಪು ಮಡಿದಾಗ ಕಿತ್ತೂರು ತನ್ನ ದೊಡ್ಡ ಶತ್ರುವನ್ನು ಕಳೆದುಕೊಂಡಿತು. ಅದರೊಡನೆಯೇ, ಪುಣೆಯ ಎದುರು ತೋರಿಸಬಹುದಾಗಿದ್ದ ಇನ್ನೊಂದು ದೊರೆತನವನ್ನೂ ಕಳೆದುಕೊಂಡಿತು. ಮುಂದಿನ ವರ್ಷವೇ ಮೈಸೂರಿನ ಪತನದಿಂದ ಚೆದುರಿದ ಸೈನಿಕರನ್ನು ಒಟ್ಟುಗೂಡಿಸಿಕೊಂಡ ಧೋಂಡಿಯಾ ವಾಘನ ಬೆನ್ನುಹತ್ತಿ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ತುಂಗಭದ್ರೆಯನ್ನು ದಾಟಿ ಈ ಸೀಮೆಯನ್ನೆಲ್ಲ ತುಳಿದಾಡಿ, 1800ರ ಸೆಪ್ಟೆಂಬರ್ 10ರಂದು ಅವನನ್ನು ಕೊಂದನು. 1802ರ ಕೊನೆಯಲ್ಲಿ ಪೇಶ್ವೆ ಎರಡನೆಯ ಬಾಜೀರಾಯ ವಸಾಯಿಯಲ್ಲಿ ಕಂಪನಿಯ ಆಶ್ರಯಕ್ಕೆ ರುಜು ಹಾಕಿದ ಮೇಲೆ, ಅವನನ್ನು ಪುಣೆಯ ಗಾದಿಗೆ ಮರಳಿ ಕೂರಿಸಲು ವೆಲ್ಲೆಸ್ಲಿ 1803ರಲ್ಲಿ ದಂಡು ನಡೆಸಿದ್ದೂ ಇದೇ ಸೀಮೆಯ ಮೇಲಿಂದ. ಆಗ ಅವನಿಗೆ ಕುದುರೆ, ಕಾಲಾಳುಗಳ ನೆರವು ಕೊಟ್ಟವರಲ್ಲಿ ಕಿತ್ತೂರಿನ ದೇಸಾಯಿಯೂ ಒಬ್ಬ. ಮಲ್ಲಸರ್ಜನ ಲೆಕ್ಕಾಚಾರ ಸ್ಪಷ್ಟವಾಗಿತ್ತು: ಮೈಸೂರಿದ್ದ ಸ್ಥಾನದಲ್ಲಿ ಇಂಗ್ಲಿಷರನ್ನು ಇಟ್ಟುಕೊಂಡರೆ ಪುಣೆಯ ಕೈ ಸಡಿಲಾಗುತ್ತದೆ. ಪುಣೆಗೂ ಇದು ತಿಳಿಯದೆ ಇರಲಿಲ್ಲ. 1809ರಲ್ಲಿ ವರ್ಷಕ್ಕೆ 1,75,000 ರೂಪಾಯಿ ಕೊಡುವ ಕರಾರಿನ ಮೇಲೆ ಪೇಶ್ವೆ ಕಿತ್ತೂರನ್ನು ಮುಂದುವರಿಸಿ, ಮಲ್ಲಸರ್ಜನಿಗೆ ಪ್ರತಾಪರಾವ್ ಎಂಬ ಬಿರುದನ್ನೂ ಕೊಟ್ಟನು. ಕೆಲವು ವರ್ಷಗಳಲ್ಲೇ ಅದೇ ಪೇಶ್ವೆ ಅವನನ್ನು ಪುಣೆಗೆ ಕರೆಸಿ ಬಂಧನದಲ್ಲಿಟ್ಟನು. ಬಿಡುಗಡೆಯಾಗಿ ಊರಿಗೆ ಮರಳುವಾಗ ಮಲ್ಲಸರ್ಜನ ದೇಹ ಜರ್ಜರಿತವಾಗಿತ್ತು. 1816ರಲ್ಲಿ ಅವನು ತೀರಿಕೊಂಡನು. ಹಿರಿಯ ರಾಣಿ ರುದ್ರವ್ವೆಯ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದನು. ಕಿರಿಯ ರಾಣಿ, ಕಾಕತಿಯ ಚೆನ್ನಮ್ಮ, ಅರಮನೆಯ ವ್ಯವಹಾರದಲ್ಲಿ ತೂಕದ ಮಾತುಳ್ಳವಳಾಗಿ ಉಳಿದಳು.

ಪುಣೆಯಿಂದ ಇಂಥ ಅವಮಾನ ಉಂಡಿದ್ದ ಸಂಸ್ಥಾನ ಒಂದೇ ವರ್ಷದ ಬಳಿಕ ಯಾವ ಪಕ್ಷವನ್ನು ಹಿಡಿದೀತೆಂಬುದು ಊಹೆಗೆ ನಿಲುಕದ್ದೇನೂ ಅಲ್ಲ. 1817ರ ಜೂನಿನ ಪುಣೆ ಒಪ್ಪಂದದಲ್ಲಿ ಧಾರವಾಡವನ್ನು ಕಂಪನಿಗೆ ಬಿಟ್ಟುಕೊಡಬೇಕಾಗಿ ಬಂದ ಪೇಶ್ವೆ ನವೆಂಬರಿನಲ್ಲಿ ಖಡಕಿಯಲ್ಲಿ ಯುದ್ಧ ಹೂಡಿದಾಗ, ಮದರಾಸಿನ ಅಧಿಕಾರಿ ಥಾಮಸ್ ಮನ್ರೋ ಧಾರವಾಡದಲ್ಲಿ ಅಲ್ಪ ಸೈನ್ಯದೊಂದಿಗೆ ಕುಳಿತಿದ್ದನು. ಸೈನ್ಯದ ಕೊರತೆಯನ್ನು ಅವನು ತುಂಬಿಕೊಂಡ ರೀತಿ ಗಮನಾರ್ಹವಾದದ್ದು. ಇನ್ನೂ ಗೆಲ್ಲದ ತಾಲೂಕುಗಳಿಗೆ ಮೊದಲೇ ಅಮಲ್ದಾರರನ್ನು, ಅಂದರೆ ಕಂದಾಯದ ಅಧಿಕಾರಿಗಳನ್ನು, ನೇಮಿಸಿ ಕಳುಹಿಸಿ, ಅವರ ಮೂಲಕ ಊರಿನ ಪೇದೆಗಳನ್ನು ಕೂಡಿಸಿಕೊಂಡು, ಪೇಶ್ವೆಗೆ ಕೊಡಬೇಕಾದ ಕಂದಾಯವನ್ನು ಕಂಪನಿಗೆ ಕೊಡಿ ಎಂದು ಗೌಡರಿಗೂ ರೈತರಿಗೂ ಹೇಳಿಸಿದನು. ನವಲಗುಂದ, ಗದಗ, ಡಂಬಳ, ಹುಬ್ಬಳ್ಳಿ, ಬಾದಾಮಿ ಒಂದರ ಹಿಂದೊಂದು ಕೈವಶವಾದವು. 1818ರ ಏಪ್ರಿಲ್ 10ರಂದು ಬೆಳಗಾವಿಯ ಕೋಟೆ ಶರಣಾಯಿತು. ಬೆಳಗಾವಿಯ ಮುತ್ತಿಗೆಯಲ್ಲಿ ಕಿತ್ತೂರು ಮನ್ರೋನಿಗೆ ನೆರವಾಯಿತು. ಅದಕ್ಕೆ ಪ್ರತಿಯಾಗಿ ದೇಸಾಯಿಯ ಸೀಮೆಯನ್ನು ಅವನಿಗೇ ಬಿಟ್ಟುಕೊಡಲಾಯಿತು: ಮೊದಲಿನಂತೆ ವರ್ಷಕ್ಕೆ 1,75,000 ರೂಪಾಯಿ ಕಪ್ಪ, ಜೊತೆಗೆ ಖಾನಾಪುರದ ಭಾಗವನ್ನು ಕಂಪನಿಗೆ ಒಪ್ಪಿಸಬೇಕು.

ಈ ವ್ಯವಸ್ಥೆ ಮೇಲುನೋಟಕ್ಕೆ ಹಿಂದಿನದರ ಮುಂದುವರಿಕೆಯೇ. ಕಪ್ಪದ ಮೊತ್ತವೂ ಅದೇ, ದೇಸಾಯಿಯ ಮನೆತನವೂ ಅದೇ. ಪುಣೆಯ ಸ್ಥಾನದಲ್ಲಿ ಕಂಪನಿ ಬಂದಿತ್ತು, ಅಷ್ಟೇ. ಆದರೆ ಇದನ್ನು ದಾಖಲಿಸಿದ ಕಾಗದ ಸನದು. ಇಬ್ಬರು ಅಧಿಕಾರಿಗಳು ಪರಸ್ಪರ ಬಾಧ್ಯತೆ ಹೊತ್ತು ರುಜು ಹಾಕುವ ಕರಾರು ಅಥವಾ ಕೌಲಿಗೂ, ಮೇಲಿನವನು ಕೆಳಗಿನವನಿಗೆ ತನ್ನ ದಯೆಯಿಂದ ದಯಪಾಲಿಸುವ ಸನದಿಗೂ ಇರುವ ವ್ಯತ್ಯಾಸ ಪೇಶ್ವೆಗಳ ಕಾಲದಲ್ಲಿ ಬಹಳ ಮುಖ್ಯವಾಗಿರಲಿಲ್ಲ. ಕಂಪನಿಯ ದಫ್ತರದಲ್ಲಿ ಅದೇ ಸರ್ವಸ್ವವಾಯಿತು. ಪೇಶ್ವೆಯ ಸರದಾರರಾಗಿದ್ದ ಪಟವರ್ಧನರೊಂದಿಗೆ ಕಂಪನಿ 1819ರಲ್ಲಿ ಕರಾರುಗಳನ್ನು ಮಾಡಿಕೊಂಡಿತು. ರಾಮದುರ್ಗ, ನರಗುಂದಗಳೊಂದಿಗೆ 1821ರಲ್ಲಿ ಮಾಡಿಕೊಂಡಿತು. ಸಾಂಗ್ಲಿ, ಜಮಖಂಡಿ, ರಾಮದುರ್ಗಗಳು 1948ರವರೆಗೂ ಸಂಸ್ಥಾನಗಳಾಗಿ ಬಾಳಿದವು. ಪೇಶ್ವೆಗಳ ಕಾಲದಲ್ಲಿ ಹುಟ್ಟಿದ ಈ ಜಹಗೀರುಗಳಿಗಿಂತ ಬಹಳ ಹಳೆಯದಾಗಿದ್ದ ಕಿತ್ತೂರಿಗೆ ಆ ಭಾಗ್ಯ ಸಿಗಲಿಲ್ಲ. ಸರದಾರ ಎಂಬುವನು ದಂಡಿನ ಒಡೆಯ, ದೇಸಾಯಿ ಎಂಬುವನು ಕಂದಾಯದ ನೌಕರ ಎಂಬ ಹಳೆಯ ವಿಂಗಡಣೆಯನ್ನು ಕಂಪನಿ ಅಕ್ಷರಶಃ ಹಿಡಿಯಿತು; ಎರಡು ಶತಮಾನಗಳಲ್ಲಿ ನೌಕರಿ ದೊರೆತನವಾಗಿ ಮಾಗಿದ್ದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಥವಾ, ಮನ್ರೋನಂಥ ಅನುಭವಿ ಅದನ್ನು ಬಲ್ಲವನಾಗಿದ್ದರೂ, ಅವನ ಹಿಂದೆ ಬಂದವರಿಗೆ ಕಾಗದವೇ ಸಾಕಾಗಿತ್ತು.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡನು. ಸಾಯುವ ಮುನ್ನ ಮಾಸ್ತಮರ್ಡಿ ಗೌಡರ ಮಗನೊಬ್ಬನನ್ನು ಶಿವಲಿಂಗಪ್ಪ ಎಂಬ ಹೆಸರಿನಿಂದ ದತ್ತು ತೆಗೆದುಕೊಳ್ಳಲಾಗಿದೆಯೆಂದು ಕಿತ್ತೂರಿನವರು ಧಾರವಾಡಕ್ಕೆ ತಿಳಿಸಿದರು. ಆಗ ಧಾರವಾಡದಲ್ಲಿ ಪ್ರಧಾನ ಕಲೆಕ್ಟರನೂ ರಾಜಕೀಯ ಪ್ರತಿನಿಧಿಯೂ ಆಗಿದ್ದವನು ಸೇಂಟ್ ಜಾನ್ ಥ್ಯಾಕರೆ. ಆಮೇಲೆ ಇಂಗ್ಲಿಷ್ ಕಾದಂಬರಿಕಾರನೆಂದು ಹೆಸರಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಇವನ ಅಣ್ಣನ ಮಗ. ದತ್ತಕ ನಿಜವಾಗಿ ದೊರೆ ಬದುಕಿದ್ದಾಗಲೇ ಆಯಿತೋ, ಸತ್ತ ಮೇಲೆ ಸೃಷ್ಟಿಸಿದ್ದೋ ಎಂದು ಅವನು ಶಂಕಿಸಿದನು. ಶಂಕೆಗಿಂತ ದೊಡ್ಡ ಆಕ್ಷೇಪ ಇನ್ನೊಂದಿತ್ತು: ಮೇಲಿನ ಸರ್ಕಾರದ ಅಪ್ಪಣೆ ಇಲ್ಲದೆ ದೇಸಾಯಿ ದತ್ತು ತೆಗೆದುಕೊಳ್ಳುವಂತಿಲ್ಲ, ಪೇಶ್ವೆಯ ಕಾಲದಲ್ಲೂ ಅಪ್ಪಣೆ ಬೇಕಿತ್ತು, ಪೇಶ್ವೆಯ ಹಕ್ಕು ಈಗ ಕಂಪನಿಯದು. ವಾದದ ಮೊದಲ ಭಾಗ ಸುಳ್ಳಲ್ಲ. ಆದರೆ ಪೇಶ್ವೆಯ ಸರ್ಕಾರದಲ್ಲಿ ಅಪ್ಪಣೆಯೆಂದರೆ ನಜರಾಣೆ ಎಂಬ ಕಾಣಿಕೆಹಣ ಕೊಟ್ಟು ಪಡೆಯುವ ಮಂಜೂರಾತಿ; ಗಾದಿ ಖಾಲಿಯಾದ ಮನೆತನದಿಂದ ಹಣ ಬರಲಿ ಎಂಬುದು ಪುಣೆಯ ಆಸೆ, ಸೀಮೆಯೇ ಬರಲಿ ಎಂಬುದು ಕಂಪನಿಯ ಆಸೆ. ಒಂದೇ ನಿಯಮ ಎರಡು ಕೈಗಳಲ್ಲಿ ಎರಡು ಬಗೆಯಾಗಿ ಕೆಲಸ ಮಾಡಿತು. ಗವರ್ನರ್ ಜನರಲ್ ಡಾಲ್‌ಹೌಸಿಯ ಹೆಸರಿಗೆ ಅಂಟಿಕೊಂಡಿರುವ, ವಾರಸಿಲ್ಲದ ಸಂಸ್ಥಾನಗಳ ಜಪ್ತಿಯ ನೀತಿ ಸಾತಾರೆಯನ್ನು ನುಂಗಿದ್ದು 1848ರಲ್ಲಿ. ಕಿತ್ತೂರಿನಲ್ಲಿ ಅದರ ಪ್ರಯೋಗ ಇಪ್ಪತ್ನಾಲ್ಕು ವರ್ಷ ಮೊದಲೇ ನಡೆದಿತ್ತು.

ಥ್ಯಾಕರೆ ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿ, ಕಾವಲಿಗೆ ಕಂಪನಿಯ ಜನರನ್ನು ಇರಿಸಿ, ಆಡಳಿತ ನೋಡಲು ಸಂಸ್ಥಾನದ ಹಳೆಯ ಕಾರಭಾರಿಗಳಾದ ಕೊಣ್ಣೂರು ಮಲ್ಲಪ್ಪ ಮತ್ತು ಹಾವೇರಿ ವೆಂಕಟರಾವರನ್ನು ನೇಮಿಸಿದನು. ಜನರ ನೆನಪಿನಲ್ಲಿ ಈ ಇಬ್ಬರ ಹೆಸರು ದ್ರೋಹದ ಇನ್ನೊಂದು ಹೆಸರಾಗಿ ನಿಂತಿದೆ. ಚೆನ್ನಮ್ಮ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆಸಿದ ಮನವಿಗಳಿಂದ ಪ್ರಯೋಜನವಾಗಲಿಲ್ಲ. ಅಕ್ಟೋಬರಿನಲ್ಲಿ ಥ್ಯಾಕರೆ ಕುದುರೆ ಎಳೆಯುವ ಹಗುರ ಫಿರಂಗಿಗಳಿದ್ದ ದಳವನ್ನೂ ಕಾಲಾಳುಗಳನ್ನೂ ಕರೆದುಕೊಂಡು ಧಾರವಾಡದಿಂದ ಕಿತ್ತೂರಿಗೆ ಬಂದು ಬಿಡಾರ ಹೂಡಿದನು. ಅಕ್ಟೋಬರ್ 23ರ ಬೆಳಿಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು. ಬಾಗಿಲನ್ನು ಸಿಡಿಸಲು ಫಿರಂಗಿಗಳನ್ನು ಮುಂದಕ್ಕೆ ತರುತ್ತಿದ್ದಂತೆ, ಸರದಾರ ಗುರುಸಿದ್ದಪ್ಪನ ಮುಂದಾಳುತನದಲ್ಲಿ ಒಳಗಿನ ಜನ ತಾವೇ ಬಾಗಿಲು ತೆರೆದು ಹೊರಕ್ಕೆ ನುಗ್ಗಿದರು. ಹೊಡೆತ ಎದುರಿನಿಂದ ಬರಬಹುದೆಂದು ಕಂಪನಿಯ ಪಡೆ ಎಣಿಸಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಫಿರಂಗಿಗಳು ಕಿತ್ತೂರಿನವರ ವಶವಾದವು, ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದನು, ಹಲವು ಸೇನಾಧಿಕಾರಿಗಳು ಸತ್ತರು, ಥ್ಯಾಕರೆಯ ಸಹಾಯಕರಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಯಾದರು.

ಈ ಸುದ್ದಿ ಕಂಪನಿಯನ್ನು ಕಂಗೆಡಿಸಿದ್ದಕ್ಕೆ ಕಾರಣ ಕಿತ್ತೂರಿನ ಗಾತ್ರವಲ್ಲ, ವರ್ಷ. 1824ರ ಮಾರ್ಚಿನಲ್ಲಿ ಬರ್ಮಾದ ಮೇಲೆ ಯುದ್ಧ ಸಾರಲಾಗಿತ್ತು. ಮದರಾಸಿನ ಸಿಪಾಯಿಗಳ ದೊಡ್ಡ ಪಾಲು ರಂಗೂನಿನ ಮಳೆಯಲ್ಲೂ ಜ್ವರದಲ್ಲೂ ಸಿಕ್ಕಿಕೊಂಡಿತ್ತು. ಕಿತ್ತೂರಿನ ಘಟನೆಯ ಹತ್ತು ದಿನಗಳ ಬಳಿಕ, ನವೆಂಬರ್ 2ರಂದು, ಬರ್ಮಾಕ್ಕೆ ಹೊರಡಲು ಒಪ್ಪದ ಬಂಗಾಳದ ಸಿಪಾಯಿಗಳ ಮೇಲೆ ಬ್ಯಾರಕ್‌ಪುರದಲ್ಲಿ ಫಿರಂಗಿ ಹಾರಿಸಲಾಯಿತು. ದಖನ್ನಿನ ದೇಸಾಯಿಗಳು, ಪೇಶ್ವೆಯ ಪತನದಿಂದ ಕೆಲಸ ಕಳೆದುಕೊಂಡ ಸವಾರರು, ಕೋಟೆಯ ಸಂಬಳದ ಜನ ಎಲ್ಲರೂ ನೋಡುತ್ತಿರುವಾಗ ಒಬ್ಬ ಕಲೆಕ್ಟರನ ಸಾವಿಗೆ ಉತ್ತರ ಕೊಡದೆ ಬಿಡುವುದು ಸಾಧ್ಯವಿರಲಿಲ್ಲ. ದಖನ್ನಿನ ಕಮಿಷನರ್ ಚಾಪ್ಲಿನ್ ಹಲವು ಕಡೆಗಳಿಂದ ಸೈನ್ಯ ಕೂಡಿಸಿದನು. ಸೆರೆಯಲ್ಲಿದ್ದ ಇಬ್ಬರು ಸಹಾಯಕರನ್ನು ಡಿಸೆಂಬರಿನ ಆರಂಭದಲ್ಲಿ ಬಿಟ್ಟುಕೊಟ್ಟರೂ ಸಂಧಿ ಕುದುರಲಿಲ್ಲ. ಡಿಸೆಂಬರ್ 5ರ ಹೊತ್ತಿಗೆ ಕೋಟೆ ಬಿದ್ದಿತು. ಆ ಮುತ್ತಿಗೆಯಲ್ಲಿ ಸತ್ತವರಲ್ಲಿ ಸೊಲ್ಲಾಪುರದ ಸಹಾಯಕ ಕಲೆಕ್ಟರನಾಗಿದ್ದ ಮನ್ರೋನ ಬಂಧು ಒಬ್ಬನಿದ್ದನು. ಕಿತ್ತೂರಿಗೆ ಸನದು ಕೊಟ್ಟ ಮನ್ರೋ ಆಗ ಮದರಾಸಿನ ಗವರ್ನರನಾಗಿ ಬರ್ಮಾದ ಯುದ್ಧಕ್ಕೆ ಜನ, ಸಾಮಾನುಗಳನ್ನು ಒದಗಿಸುವುದರಲ್ಲಿ ಮುಳುಗಿದ್ದನು.

ಸೋತ ಕಿತ್ತೂರಿಗೆ ಕಾಗದದ ಮಟ್ಟದಲ್ಲಿ ಉಳಿದದ್ದು ಏನೂ ಇಲ್ಲ. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಬಂಧಿಯಾಗಿದ್ದು 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಅದೇ ವರ್ಷ ಸಂಗೊಳ್ಳಿ ರಾಯಣ್ಣನ ದಂಗೆ ಆರಂಭವಾಯಿತು. ರಾಯಣ್ಣ ಶೇತಸನದಿ, ಅಂದರೆ ಊರಿನ ಕಾವಲು, ಸರ್ಕಾರಿ ಓಲೆಗಳ ಸಾಗಾಟ, ಅಗತ್ಯ ಬಿದ್ದಾಗ ದಂಡಿನ ಚಾಕರಿ ಮಾಡುವುದಕ್ಕೆ ಪ್ರತಿಯಾಗಿ ಕಂದಾಯದ ರಿಯಾಯಿತಿಯ ಹೊಲವನ್ನು ಉಳುವವನು. ಕೋಟೆ ಇದ್ದಾಗ ಈ ಹೊಲಗಳಿಗೂ ಆ ಚಾಕರಿಗೂ ಅರ್ಥ ಇತ್ತು. ದೊರೆಯೇ ಇಲ್ಲವಾದ ಮೇಲೆ ಅವು ಕಂದಾಯ ಖಾತೆಯಲ್ಲಿ ಕೇವಲ ಸೋರಿಕೆಯಾಗಿ ಕಂಡವು. ರಾಯಣ್ಣನ ಪಡೆ ಬೀಡಿ, ನಂದಗಡ, ಸಂಪಗಾಂವ ಮುಂತಾದ ಕಡೆ ಕಚೇರಿಗಳಿಗೆ ನುಗ್ಗಿ ದಫ್ತರಗಳನ್ನು ಸುಟ್ಟುಹಾಕಿದ್ದು ಬರಿಯ ಸಿಟ್ಟಿನ ಕೆಲಸವಲ್ಲ. ಕಿತ್ತೂರನ್ನು ನಿಜವಾಗಿ ನುಂಗಿದ್ದು ಕಾಗದ ಎಂಬ ತಿಳುವಳಿಕೆ, ಬಹುಶಃ ಮಾತಿನಲ್ಲಿ ಹೇಳದ ತಿಳುವಳಿಕೆ, ಅವನ ಜನರಲ್ಲಿತ್ತು. ದತ್ತುಮಗ ಶಿವಲಿಂಗಪ್ಪನ ಹೆಸರಿನಲ್ಲಿ ಸಂಸ್ಥಾನವನ್ನು ಮರಳಿ ನಿಲ್ಲಿಸುವುದು ದಂಗೆಯ ಗುರಿಯಾಗಿತ್ತು. 1830ರಲ್ಲಿ ಸೆರೆ ಸಿಕ್ಕ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

ಅದೇ 1830–31ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯ ರೈತರೂ ಕಂದಾಯದ ಜುಲುಮೆಗೆ ದಂಗೆ ಎದ್ದಿದ್ದರು. ಅದನ್ನೇ ಕಾರಣ ಮಾಡಿಕೊಂಡು ಕಂಪನಿ 1831ರಲ್ಲಿ ಮೈಸೂರಿನ ಆಡಳಿತವನ್ನು ಮೂರನೆಯ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡಿತು. ಆದರೆ ಮೈಸೂರಿನ ಹಿಂದೆ ಕಂಪನಿ ಒಡೆಯರೊಂದಿಗೆ ಮಾಡಿಕೊಂಡಿದ್ದ 1799ರ ಕರಾರು ಇತ್ತು. 1865ರಲ್ಲಿ ಒಡೆಯರು ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡಾಗ, ಎರಡು ವರ್ಷಗಳ ವಾದವಿವಾದದ ಬಳಿಕ ಲಂಡನ್ ಅದನ್ನು ಒಪ್ಪಿತು. 1881ರ ಮಾರ್ಚ್ 25ರಂದು ರಾಜ್ಯ ಅರಮನೆಗೆ ಮರಳಿತು. ಎರಡು ದತ್ತಕಗಳ ನಡುವೆ ನಲವತ್ತೊಂದು ವರ್ಷ ಕಳೆದಿತ್ತು, 1857ರ ದಂಗೆಯ ಪಾಠವೂ ಆಗಿತ್ತು ಎಂಬುದು ನಿಜ. ಆದರೂ ಆಧುನಿಕ ಕರ್ನಾಟಕದ ಚರಿತ್ರೆಯಲ್ಲಿ ದಕ್ಷಿಣಕ್ಕೆ ಸಿಕ್ಕ ಸ್ವಂತ ರಾಜಧಾನಿ, ಸ್ವಂತ ದಿವಾನ, ಸ್ವಂತ ಬಜೆಟ್ಟು ಉತ್ತರಕ್ಕೆ ಸಿಗದೆ ಹೋದುದಕ್ಕೆ ಹುಡುಕುವ ಕಾರಣಗಳಲ್ಲಿ ಈ ಕರಾರು–ಸನದುಗಳ ಅಂತರವನ್ನು ಯಾರೂ ಸಾಕಷ್ಟು ಒತ್ತಿ ಹೇಳಿಲ್ಲ. ಕಪ್ಪತಗುಡ್ಡದಿಂದ ಮಲಪ್ರಭೆಯವರೆಗೆ ಇದ್ದ ಸಣ್ಣ ಅಧಿಕಾರಗಳಿಗೆ ಕೊನೆಯ ಪೆಟ್ಟು ಬಿದ್ದದ್ದು 1858ರಲ್ಲಿ: ದತ್ತು ನಿರಾಕರಿಸಲ್ಪಟ್ಟ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆ ದಂಗೆ ಎದ್ದು, ರಾಜಕೀಯ ಪ್ರತಿನಿಧಿ ಮ್ಯಾನ್ಸನ್ ಸುರೇಬಾನದಲ್ಲಿ ಕೊಲೆಯಾಗಿ, ಜೊತೆಗೆ ದಂಗೆ ಎದ್ದ ಮುಂಡರಗಿ ಭೀಮರಾವ್ ಕೊಪ್ಪಳದ ಕೋಟೆಯಲ್ಲಿ ಮಡಿದು, ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು.

ಕಿತ್ತೂರು ಕಳೆದುಕೊಂಡದ್ದು ಧಾರವಾಡದ ಪಾಲಿಗೆ ಬಂತು. ಮದರಾಸಿನ ಅಧಿಕಾರಿಗಳು ನಡೆಸುತ್ತಿದ್ದ ಈ ಕಲೆಕ್ಟರಿಯನ್ನು 1830ರಲ್ಲಿ ಪೂರ್ತಿಯಾಗಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. 1836ರಲ್ಲಿ ಅದನ್ನು ಒಡೆದು ಬೆಳಗಾವಿಯನ್ನು ಬೇರೆ ಜಿಲ್ಲೆಯನ್ನಾಗಿ ಮಾಡಿದಾಗ ಕಿತ್ತೂರು ಆ ಕಡೆಗೆ ಹೋಯಿತು. ಒಂದು ಕಾಲದ ರಾಜಧಾನಿಗೆ ಜಿಲ್ಲಾ ಕೇಂದ್ರದ ಭಾಗ್ಯವೂ ಇಲ್ಲವಾಯಿತು. 1837ರಲ್ಲಿ ಬಾಸೆಲ್ ಮಿಷನ್ನಿನವರು ಬಂದದ್ದು ಧಾರವಾಡಕ್ಕೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಚೇರಿ ಧಾರವಾಡದಲ್ಲೂ ಕಾರ್ಖಾನೆ ಹುಬ್ಬಳ್ಳಿಯಲ್ಲೂ ನೆಲೆಯಾದವು, ಹಳಿ ಮಾತ್ರ ಅಳ್ನಾವರ–ಲೋಂಡಾದ ಕಾಡಿನ ಕಡೆ ಬಾಗಿ ಕಿತ್ತೂರನ್ನು ಬಿಟ್ಟು ಹೋಯಿತು. ಹಳೆಯ ಅರಮನೆಯಲ್ಲಿ ಇಂದು ನಿಂತಿರುವುದು ಮಾಡು ಕಳಚಿದ ದಪ್ಪ ಗೋಡೆಗಳು, ಸ್ನಾನಗೃಹಗಳು, ಅವುಗಳಿಗೆ ನೀರು ಹರಿಸುತ್ತಿದ್ದ ಕಾಲುವೆಗಳು, ಧ್ರುವ ನಕ್ಷತ್ರವನ್ನು ನೋಡಲೆಂದು ಗೋಡೆಯೊಳಗೆ ಓರೆಯಾಗಿ ಕೂರಿಸಿದ ಕೊಳವೆ. ದೇಸಾಯಿ ಎಂಬ ನೌಕರನ ಮನೆ ಇದಲ್ಲ ಎಂದು ನೋಡಿದವರಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಈ ಪತನದ ಅಂಚಿನಲ್ಲೇ ನಡೆದ ಇನ್ನೊಂದು ಕೆಲಸ ಕನ್ನಡದ ಚರಿತ್ರೆಗೆ ಬಹಳ ದೊಡ್ಡದು. ಕಿತ್ತೂರಿನಲ್ಲಿ ಸೆರೆಯಾಗಿದ್ದ ವಾಲ್ಟರ್ ಎಲಿಯಟ್ ಬಿಡುಗಡೆಯಾದ ಮೇಲೆ ಧಾರವಾಡ ಸೀಮೆಯಲ್ಲೇ ಕೆಲವು ವರ್ಷ ಉಳಿದು, ಊರೂರಿನ ದೇವಸ್ಥಾನಗಳ ಕಲ್ಲುಗಳ ಮೇಲಿನ ಶಾಸನಗಳನ್ನು ನಕಲು ಮಾಡಿಸಿದನು. ಹೀಗೆ ಕೂಡಿಸಿದ 595 ಶಾಸನಗಳ ಆಧಾರದ ಮೇಲೆ 1830ರ ದಶಕದಲ್ಲಿ ಅವನು ಪ್ರಕಟಿಸಿದ ಲೇಖನದಲ್ಲಿ ಕಲ್ಯಾಣದ ಚಾಲುಕ್ಯರ ಅನುಕ್ರಮ ಮೊದಲ ಬಾರಿಗೆ ಆಧುನಿಕ ಓದುಗರ ಮುಂದೆ ಬಂದಿತು. ಆ ಕೆಲಸವನ್ನು ಮುಂದುವರಿಸಿದವನು ಶಾಸನತಜ್ಞ ಫ್ಲೀಟ್. ಸರ್ಕಾರಿ ಕಾಗದಗಳು ದಕ್ಷಿಣ ಮರಾಠಾ ದೇಶ ಎಂದು ಕರೆಯುತ್ತಿದ್ದ, ಕಚೇರಿಯ ಲೆಕ್ಕಗಳು ಮರಾಠಿಯ ಮೋಡಿ ಲಿಪಿಯಲ್ಲಿ ನಡೆಯುತ್ತಿದ್ದ ಒಂದು ಸೀಮೆಯ ನೆಲದಡಿಯಲ್ಲಿ ಇದ್ದದ್ದು ಕನ್ನಡ ಶಾಸನಗಳ ರಾಶಿ ಎಂಬುದಕ್ಕೆ ಇದು ಎದುರಾಡಲಾಗದ ಪುರಾವೆಯಾಯಿತು. ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪನವರ ಕನ್ನಡ ಶಾಲೆಗಳು, 1890ರಲ್ಲಿ ರಾ.ಹ. ದೇಶಪಾಂಡೆಯವರು ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಆಲೂರು ವೆಂಕಟರಾಯರು ಪ್ರಕಟಿಸಿದ ‘ಕರ್ನಾಟಕ ಗತವೈಭವ’ ಇವೆಲ್ಲ ಧಾರವಾಡದಲ್ಲಿ ಬೆಳೆದದ್ದು ಆಕಸ್ಮಿಕವಲ್ಲ. ತನ್ನದೇ ದೊರೆ ಇದ್ದ ಮೈಸೂರಿಗೆ ನಾಡನ್ನು ಹೊಸದಾಗಿ ಕಲ್ಪಿಸಿಕೊಳ್ಳುವ ಅವಸರ ಇರಲಿಲ್ಲ. ಮುಂಬಯಿಯ ದಕ್ಷಿಣದ ಅಂಚಾಗಿ ಉಳಿದವರಿಗೆ ಇತ್ತು. 1956ರ ನವೆಂಬರ್ 1ರ ಕರ್ನಾಟಕ ಏಕೀಕರಣದ ಒತ್ತಡದ ಬಹುಪಾಲು ಈ ಅಂಚಿನಿಂದಲೇ ಬಂದಿತ್ತು. 1953ರಲ್ಲಿ ಏಕೀಕರಣಕ್ಕಾಗಿ ಅದರಗುಂಚಿ ಶಂಕರಗೌಡರ ಉಪವಾಸ ನಡೆದದ್ದೂ ಅದನ್ನು ಹಿಂಬಾಲಿಸಿ ಗಲಭೆ ಎದ್ದದ್ದೂ ಹುಬ್ಬಳ್ಳಿಯ ಸುತ್ತಲೇ.

ಏಕೀಕರಣದಿಂದ ಅಂಚು ಮಾಯವಾಗಲಿಲ್ಲ. ಮುಂಬಯಿಯ ಬದಲು ಬೆಂಗಳೂರಿನಿಂದ ದೂರ ಅಳೆಯುವಂತಾಯಿತು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಡಿ ರಚನೆಯಾದ ಮಂಡಳಿ ರೈತರಿಂದ ಜಮೀನು ವಶಪಡಿಸಿಕೊಂಡು ಬೇಲೂರಿನಲ್ಲಿ ಕೈಗಾರಿಕಾ ನಿವೇಶನಗಳನ್ನು ಮಾಡಿತು. ವಕೀಲರ ದೀರ್ಘ ಚಳವಳಿಯ ಫಲವಾಗಿ 2008ರ ಜುಲೈನಲ್ಲಿ ಆರಂಭವಾದ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ 2013ರಲ್ಲಿ ಕಾಯಂ ಆಯಿತು. ವಾರಸು, ದತ್ತಕ, ಇನಾಮು ಜಮೀನುಗಳ ದಾವೆಗಳಿಗೆ ಬೆಂಗಳೂರಿಗೆ ಹೋಗಬೇಕಾಗಿದ್ದ ಕಿತ್ತೂರು ಸೀಮೆಯ ಕಕ್ಷಿದಾರರು ಈಗ ಥ್ಯಾಕರೆ ಹೋದ ದಿಕ್ಕಿಗೆ ಎದುರಾಗಿ ಪಯಣಿಸಿ ಬೇಲೂರಿನಲ್ಲಿ ಇಳಿಯುತ್ತಾರೆ. ಕಿತ್ತೂರನ್ನು ಹಾಯ್ದು ಹೋಗುವ ಧಾರವಾಡ–ಬೆಳಗಾವಿ ನೇರ ರೈಲು ಮಾರ್ಗಕ್ಕೂ ಮಂಜೂರಾತಿ ದೊರೆತಿದೆ.

2021ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಮುಂಬಯಿ ಕರ್ನಾಟಕ ಎಂಬ ಹೆಸರನ್ನು ಕೈಬಿಟ್ಟು ಈ ಭಾಗಕ್ಕೆ ಕಿತ್ತೂರು ಕರ್ನಾಟಕ ಎಂದು ಹೆಸರಿಟ್ಟಿತು. ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರ, ಉತ್ತರ ಕನ್ನಡ ಎಂಬ ಏಳು ಜಿಲ್ಲೆಗಳಲ್ಲಿ ಕಿತ್ತೂರಿನ ದೇಸಾಯಿಗಳು ಆಳಿದ ನೆಲ ಸಣ್ಣ ಪಾಲು. ಸವಣೂರಿನ ನವಾಬರೂ ನರಗುಂದದ ಭಾವೆಯವರೂ ಆಳಿದ ಊರುಗಳು ಈಗ ಆ ಹೆಸರಿನ ಕೆಳಗಿವೆ, ಕಿತ್ತೂರಿಗೆ ಸನದು ಕೊಟ್ಟು ಕಿತ್ತುಕೊಂಡ ಧಾರವಾಡದ ಕಚೇರಿಯೂ ಇದೆ, ನಾಲ್ಕು ಶತಮಾನಗಳಿಗೂ ಹಿಂದೆ ಸಾಗರದ ಇಬ್ಬರು ಸಹೋದರರಿಗೆ ಒಂದು ಪರಗಣದ ಸರದೇಶಮುಖಿ ಬರೆದುಕೊಟ್ಟ ಆದಿಲಶಾಹಿಗಳ ರಾಜಧಾನಿಯೂ ಇದೆ.